ಕಾಫಿ ಆಟದ ಮೂರನೇ ನಿಯಮ

ಇಪ್ಪತ್ತಾರು ವರ್ಷ ನಾನು ಮಾಡಿದ ಕೆಲಸ ಏನೆಂದು ಬಸ್ಸಿನಲ್ಲಿ ಪಕ್ಕ ಕೂತವರಿಗೆ ಒಂದು ಸಲವೂ ಸರಿಯಾಗಿ ಹೇಳಲು ನನ್ನಿಂದ ಆಗಲಿಲ್ಲ. "ಎಲ್ಲಿ ಕೆಲಸ?" ಎಂದರೆ "ಚಿಕ್ಕಮಗಳೂರಲ್ಲಿ, ಕಾಫಿ ತೋಟದ ಮ್ಯಾನೇಜರುಗಳಿಗೆ ತರಬೇತಿ ಕೊಡೋ ಕೇಂದ್ರದಲ್ಲಿ" ಎನ್ನುತ್ತಿದ್ದೆ. ಅಷ್ಟಕ್ಕೆ ತೃಪ್ತರಾಗಿ ಕಿಟಕಿಯ ಕಡೆ ತಿರುಗಿದರೆ ನಾನು ಬಚಾವ್. "ಅಲ್ಲಿ ಏನು ಮಾಡ್ತೀರಿ?" ಎಂದು ಮುಂದುವರಿಸಿದರೆ "ಆಟ ಮಾಡ್ತೀನಿ" ಎನ್ನಲೇಬೇಕು. ವಸ್ತಾರೆಯಲ್ಲಿ ಇಳಿಯಬೇಕಿದ್ದ ಒಬ್ಬ ಅಜ್ಜಿ ಇದನ್ನು ಕೇಳಿ ನನ್ನ ಕೈ ಹಿಡಿದುಕೊಂಡು, "ಪಾಪ, ಸಂಬಳ ಕೊಡ್ತಾರಾ?" ಎಂದಿದ್ದರು. ಕೊಡುತ್ತಾರೆ ಎಂದರೂ ಅವರು ನಂಬಿದ ಹಾಗೆ ಕಾಣಲಿಲ್ಲ.

ಈಗ ನನ್ನ ಜಾಗದಲ್ಲಿ ಅನನ್ಯಾ ಎಂಬ ಹುಡುಗಿ ಇದ್ದಾಳೆ. ಚುರುಕು. ನಾನು ಪ್ಲೈವುಡ್ಡಿನ ಮೇಲೆ ಮಾಡಿದ್ದನ್ನೆಲ್ಲ ಅವಳು ಟ್ಯಾಬಿನೊಳಗೆ ಇಳಿಸುತ್ತಿದ್ದಾಳೆ. ಹೋದ ತಿಂಗಳು ಫೋನ್ ಮಾಡಿ, "ಮೇಡಂ, ಮೂರನೇ ನಿಯಮ ತೆಗೆದುಬಿಡ್ಲಾ? ಅದರಿಂದ ಆಟ ತುಂಬಾ ನಿಧಾನ ಆಗ್ತಿದೆ. ಅದು ಯಾಕಿದೆ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ" ಎಂದಳು. ಆ ನಿಯಮ ಹೀಗಿದೆ: ಗ್ಯಾಂಗು ಹಿಡಿದ ಸಾಲು ಮುಗಿಯುವ ಮೊದಲು ಅದನ್ನು ಬೇರೆ ಬ್ಲಾಕಿಗೆ ಕಳಿಸಬೇಕೆಂದರೆ ಗ್ಯಾಂಗಿನ ಕುರ್ಚಿಯಲ್ಲಿ ಕೂತವರು ಒಪ್ಪಬೇಕು. ಗ್ಯಾಂಗ್ ಎಂದರೆ ಒಬ್ಬ ಮೇಸ್ತ್ರಿಯ ಕೈಕೆಳಗೆ ಒಟ್ಟಿಗೆ ಹಣ್ಣು ಕೊಯ್ಯುವವರು. ಸಾಲು ಎಂದರೆ ಗಿಡಗಳ ಸಾಲು, ಬ್ಲಾಕು ಎಂದರೆ ತೋಟದ ಒಂದು ಭಾಗ. ಫೋನಿನಲ್ಲಿ ಹೇಳಿ ಮುಗಿಸುವ ಕಾರಣವಲ್ಲ ಅದು. ಆ ಒಂದು ವಾಕ್ಯದ ಹಿಂದೆ ಒಬ್ಬ ಹುಡುಗನ ಕೆಲಸ, ಒಂದು ತೋಟದ ಹಣ್ಣು ಮತ್ತು ನನ್ನ ಮೊಣಕೈಗೆ ಕಚ್ಚಿದ ಚಗಳಿ ಇರುವೆಗಳು ಇವೆ. ಅದಕ್ಕೆ ಕೂತು ಬರೆಯುತ್ತಿದ್ದೇನೆ.

ನಾನು ಮೊದಲು ಚಿಕ್ಕಮಗಳೂರಿನ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರಮ್ಮ ಆಗಿದ್ದೆ. ಭಿನ್ನರಾಶಿ ಎಂದರೆ ಹೆದರುವ ಮಕ್ಕಳಿಗೆ ಚೌಕಾಬಾರ ಆಡಿಸಿ ಕಲಿಸುತ್ತಿದ್ದೆ. ಶಾಲೆಯ ಒಂದು ಕಾರ್ಯಕ್ರಮಕ್ಕೆ ಅತಿಥಿಯಾಗಿ ಬಂದ ಸುಬ್ಬಣ್ಣ ಸರ್ ಅದನ್ನು ನೋಡಿದರು. ತೋಟದಲ್ಲೇ ತಲೆ ನರೆತವರು, ಆಗಷ್ಟೇ ತರಬೇತಿ ಕೇಂದ್ರದ ಡೈರೆಕ್ಟರ್ ಆಗಿದ್ದರು. ಅವರ ಜೇಬಿನಲ್ಲಿ ಸದಾ ನಾಲ್ಕು ಕಾಫಿ ಬೀಜ ಇರುತ್ತಿತ್ತು. ಯೋಚನೆ ಬಂದಾಗ ಒಂದನ್ನು ಹಲ್ಲಿನಲ್ಲಿ ಕಚ್ಚುವರು. ಅವತ್ತು ಒಂದು ಬೀಜ ಕಚ್ಚಿ, "ಇದರ ಮೇಲೆ ಕಾಫಿ ಬೆಳೆಯೋಕಾಗುತ್ತಾ ಮೇಡಂ?" ಎಂದು ಕೇಳಿದರು. ಆಗುತ್ತೆ ಎಂದುಬಿಟ್ಟೆ. ನನಗೆ ಬಾಯಿ ಮುಂದೆ, ಬುದ್ಧಿ ಹಿಂದೆ.

ಅವರ ಲೆಕ್ಕಾಚಾರ ಸರಳವಾಗಿತ್ತು. ಕಾಫಿಯಲ್ಲಿ ಮಾಡಿದ ತಪ್ಪು ಬೇಗ ಕಾಣುವುದಿಲ್ಲ. ಈ ವರ್ಷ ನೆರಳಿನ ಮರಗಳ ಕೊಂಬೆಗಳನ್ನು ಅತಿಯಾಗಿ ಕಡಿಸಿದ ಮ್ಯಾನೇಜರಿಗೆ, ಬಿಸಿಲು ಬಿದ್ದ ಗಿಡಕ್ಕೆ ಕಾಂಡಕೊರಕ ಹುಳ ಹತ್ತಿದ್ದು ಗೊತ್ತಾಗುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಅಷ್ಟರಲ್ಲಿ ಆತ ಇನ್ನೊಂದು ತೋಟ ಸೇರಿ ಅಲ್ಲೂ ಕೊಂಬೆ ಕಡಿಸುತ್ತಿರುತ್ತಾನೆ. ಆಟದಲ್ಲಾದರೆ ಬೆಳಿಗ್ಗೆ ಕಡಿಸಿದ್ದರ ಫಲ ಮಧ್ಯಾಹ್ನದ ಟೀ ಬರುವಷ್ಟರಲ್ಲಿ ಕಾಣುತ್ತದೆ. "ತಪ್ಪು ಇಲ್ಲೇ ಮಾಡ್ಲಿ. ಪ್ಲೈವುಡ್ಡಿಗೆ ಏನೂ ನೋವಾಗಲ್ಲ" ಎನ್ನುತ್ತಿದ್ದರು ಸುಬ್ಬಣ್ಣ ಸರ್.

ಹಾಗೆ ಹುಟ್ಟಿದ್ದು 'ಹನ್ನೆರಡು ತಿಂಗಳು' ಎಂಬ ಆಟ. ಒಂದು ಹಲಗೆ, ಅದರ ಮೇಲೆ ನಾಲ್ಕು ತೋಟ, ಪ್ರತಿ ತೋಟದಲ್ಲಿ ಆರು ಬ್ಲಾಕು. ಒಂದು ಸುತ್ತು ಮುಗಿದರೆ ಒಂದು ತಿಂಗಳು. ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ ಒಂದೊಂದು ಸುತ್ತಿಗೂ ಒಂದೊಂದು ದಿನ. ಮಳೆ ತರಿಸಲು ನಾಲ್ಕು ಕವಡೆ. ಕೆಲಸದ ಗ್ಯಾಂಗುಗಳು ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಮರದ ಸಣ್ಣ ತುಂಡುಗಳು, ನಮ್ಮ ಬಡಗಿ ನುಣ್ಣಗೆ ಉಜ್ಜಿ ಕೊಟ್ಟಿದ್ದು. ಆ ನುಣುಪಿನ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ತಂಡದ ಮುಂದೆಯೇ ಮರ್ಯಾದೆ ಹೋಯಿತು. ಮಾರ್ಚ್ ತಿಂಗಳ ಸುತ್ತು. ಕಾಫಿ ಹೂ ಬಿಡಲು ಬೇಕಾದ ಮಳೆಗೆಂದು ನಾನು ಕವಡೆ ಎಸೆದೆ, ನಾಲ್ಕು ತೋಟಕ್ಕೂ ಒಳ್ಳೆಯ ಮಳೆ ಬಂತೆಂದು ಘೋಷಿಸಿದೆ. ಮೂಡಿಗೆರೆ ಕಡೆಯ ಒಬ್ಬ ಹಿರಿಯ ಮ್ಯಾನೇಜರ್ ಕನ್ನಡಕ ತೆಗೆದು, "ಎಲ್ಲಾ ತೋಟಕ್ಕೂ ಒಂದೇ ಮಳೆಯಾ ಮೇಡಂ? ನಮ್ಮಲ್ಲಿ ಬಂಗಲೆ ಹತ್ರ ಎಂಬತ್ತು ಸೆಂಟು ಹೊಯ್ದ್ರೆ ಹಳ್ಳದ ಆಚೆ ಹದಿನೈದು ಬರಲ್ಲ. ನಿಮ್ಮ ಮಳೆರಾಯ ಬಾಳಾ ಒಳ್ಳೆಯವನು ಮಾರಾಯ್ರೆ" ಎಂದರು. ಇಡೀ ಕೋಣೆ ನಕ್ಕಿತು. ನಾನು ವಸ್ತಾರೆಯಲ್ಲಿ ಹುಟ್ಟಿದವಳು. ಮಾರ್ಚ್ ಬಂದರೆ ನಮ್ಮ ಕಡೆ ಎದುರಾದವರನ್ನು ಯಾರೂ ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ, ನಿಮ್ಮಲ್ಲಿ ಎಷ್ಟು ಸೆಂಟು ಎಂದು ಕೇಳುತ್ತಾರೆ. ಇಂಚಿನ ನೂರನೇ ಪಾಲನ್ನೂ ಬಿಡದೆ ಅಳೆಯುವ ಊರಿನವಳು ನಾನು, ಕೋಣೆಯೊಳಗೆ ಕೂತು ಆಟ ಕಟ್ಟುವಾಗ ಅದನ್ನೇ ಮರೆತಿದ್ದೆ.

ಅವತ್ತೇ ತಿದ್ದಿದೆ. ಪ್ರತಿ ತೋಟಕ್ಕೂ ಬೇರೆಯಾಗಿ ಕವಡೆ ಎಸೆಯುವುದು, ಪಕ್ಕದ ತೋಟದ ಮಳೆ ಎಷ್ಟೆಂದು ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಹೇಳುವುದು. ಇದು ಎರಡನೇ ನಿಯಮ. ಮೊದಲನೆಯದು, ಹೋದ ತಿಂಗಳು ವಾಪಸ್ ಬರುವುದಿಲ್ಲ ಎಂಬುದು. ಅದನ್ನು ಮಾಡಲು ಯಾವ ಪೆಟ್ಟೂ ತಿನ್ನಬೇಕಾಗಲಿಲ್ಲ.

ಆಟವೆಂದರೆ ಹಗುರ ಎಂದುಕೊಂಡು ಬಂದವರೇ ಹೆಚ್ಚು ಬಿಸಿಯಾಗುತ್ತಿದ್ದರು. ಸಮಾಧಾನಕ್ಕೆ ಹೆಸರಾದ ಒಬ್ಬ ಮ್ಯಾನೇಜರ್, ತಮ್ಮ ಹಲಗೆಯ ತೋಟಕ್ಕೆ ಜುಲೈಯಲ್ಲಿ ಕೊಳೆ ರೋಗ ಬಂದಾಗ ನಾಲ್ಕೂ ಕವಡೆಯನ್ನು ಕಿಟಕಿಯಿಂದ ಆಚೆ ಎಸೆದರು. ಆಮೇಲೆ ಅವರೇ ಪ್ಯಾಂಟು ಮಡಚಿಕೊಂಡು ಬೇಲಿಯಲ್ಲಿ ಹುಡುಕಿದರು. ಮೂರು ಸಿಕ್ಕವು. ನಾಲ್ಕನೆಯದರ ಬದಲಿಗೆ ಒಂದು ಕಡೆ ಉಜ್ಜಿದ ಹುಣಸೆಬೀಜ ಸೇರಿಸಿದೆ. ಅಂದಿನಿಂದ ಆ ಹಲಗೆಯ ಮಳೆ ಮೂರು ಕವಡೆ, ಒಂದು ಹುಣಸೆಬೀಜದ ಮೇಲೆ ನಡೆದಿದೆ.

ಸುಹಾಸ್ ಬಂದಿದ್ದು ಆಟ ಶುರುವಾಗಿ ಹಲವು ವರ್ಷಗಳಾದ ಮೇಲೆ. ಮೂಡಿಗೆರೆಯ ಒಬ್ಬ ಟೈಲರ್ ಮಗ, ಕಳಸದ ಕಡೆ ಮಂಜಪ್ಪಗೌಡರ ತೋಟದಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಆಗಿ ಸೇರಿದ್ದ. ಅವರ ಕುಟುಂಬದಲ್ಲಿ ತೋಟದ ಆಫೀಸಿನ ಕುರ್ಚಿಯಲ್ಲಿ ಕೂತ ಮೊದಲಿಗ ಅವನೇ. ಮಾತು ಕಡಿಮೆ, ಕಣ್ಣು ಹಲಗೆಯ ಮೇಲೆ. ಕೊಯ್ಲಿನ ತಿಂಗಳು ಬಂದಾಗ ಉಳಿದವರು ಒಂದು ಬ್ಲಾಕು ಪೂರ್ತಿ ಕೊಯ್ದು ಮುಂದಿನದಕ್ಕೆ ಹೋಗುತ್ತಿದ್ದರೆ, ಇವನು ಪ್ರತಿ ಸುತ್ತಿನಲ್ಲೂ ಗ್ಯಾಂಗನ್ನು ಎತ್ತಿ, ಯಾವ ಬ್ಲಾಕಿನಲ್ಲಿ ಹಣ್ಣು ಅತಿ ಹೆಚ್ಚು ಕೆಂಪಾಗಿದೆಯೋ ಅಲ್ಲಿಟ್ಟ. ಒಂದು ಹಣ್ಣೂ ಉದುರಲಿಲ್ಲ. ನಾನು ಕಟ್ಟಿದ ಆಟದಲ್ಲಿ ಅಷ್ಟು ಅಂಕ ಅದುವರೆಗೆ ಯಾರೂ ಗಳಿಸಿರಲಿಲ್ಲ.

ನಾನು ಚಪ್ಪಾಳೆ ತಟ್ಟಿದೆ. ಅವನ ಹೆಸರನ್ನು ಬೋರ್ಡಿನ ಮೇಲೆ ಬರೆದೆ. "ನೋಡಿ, ತಲೆ ಓಡಿಸೋದು ಅಂದ್ರೆ ಹೀಗೆ" ಎಂದು ಮುಂದಿನ ಎರಡು ತಂಡಕ್ಕೆ ಅವನ ಆಟವನ್ನೇ ಮಾದರಿಯಾಗಿ ತೋರಿಸಿದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಆ ವರ್ಷದ ಕೊಯ್ಲಿನ ಕಾಲದಲ್ಲೇ ಒಂದು ದಿನ ಸುಬ್ಬಣ್ಣ ಸರ್ ನನ್ನನ್ನು ಕರೆದರು. ಮಂಜಪ್ಪಗೌಡರು ಫೋನ್ ಮಾಡಿದ್ದರು. ಅವರು ನಮ್ಮ ಕೇಂದ್ರದ ಕಮಿಟಿಯಲ್ಲೂ ಇದ್ದವರು. ಅವರ ತೋಟದ ಕೊಯ್ಲಿನ ಗ್ಯಾಂಗು ವಾರದ ಹಿಂದೆ ಬಿಟ್ಟು ಹೋಗಿತ್ತು, ಹಣ್ಣು ಗಿಡದಲ್ಲೇ ಕಪ್ಪಾಗುತ್ತಿತ್ತು, ಕಾರಣ ನಮ್ಮ ಆಟ ಎಂದು ಅವರ ದೂರು. "ನಾನು ಬರ್ಲಾ, ನೀವೇ ಹೋಗ್ತೀರಾ?" ಎಂದರು ಸರ್. ನಾನೇ ಹೋಗುತ್ತೇನೆ ಎಂದೆ. ಅವರು ಜೇಬಿನಿಂದ ಬೀಜ ತೆಗೆದರು, ಕಚ್ಚಲಿಲ್ಲ, ಸುಮ್ಮನೆ ಟೇಬಲ್ಲಿನ ಮೇಲಿಟ್ಟರು. ಅವರಿಗೆ ಅಷ್ಟು ಚಿಂತೆಯಾಗಿದ್ದು ನಾನು ಹಿಂದೆ ಕಂಡಿರಲಿಲ್ಲ.

ಹಲಗೆಯನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಕಳಸದ ಬಸ್ಸು ಹತ್ತಿದೆ. ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ನೀರುದೋಸೆ ತಿನ್ನುವುದು ನನ್ನ ಎಂದಿನ ಪದ್ಧತಿ. ಅವತ್ತು ಇಳಿಯಲಿಲ್ಲ.

ಮಂಜಪ್ಪಗೌಡರು ಸಿಟ್ಟಿನಲ್ಲೂ ಮಲೆನಾಡಿನವರೇ. "ಮೊದ್ಲು ಊಟ ಮಾಡಿ, ಆಮೇಲೆ ಬೈಸ್ಕೊಳ್ಳಿ" ಎಂದರು. ಊಟವಾಯಿತು. ನಂತರ ಹೇಳಿದರು: "ಹುಡುಗನ್ನ ನಿಮ್ಮಲ್ಲಿಗೆ ಕಳ್ಸಿದ್ದು ಕಲ್ತು ಬರ್ಲಿ ಅಂತ. ಚೌಕಾಬಾರ ಆಡಿ ಬಂದು ನನ್ನ ತೋಟ ಖಾಲಿ ಮಾಡ್ದ. ಹನ್ನೊಂದು ವರ್ಷದಿಂದ ಬರ್ತಿದ್ದ ಗ್ಯಾಂಗು ಅದು. ಶನಿವಾರದವರೆಗೆ ನೋಡ್ತೀನಿ. ಅವ್ರು ವಾಪಸ್ ಬರ್ಲಿಲ್ಲ ಅಂದ್ರೆ ಅವನು ಮನೆಗೆ ಹೋಗ್ಲಿ. ನಿಮ್ಮ ಆಟದ ವಿಷ್ಯ ನಾನು ಕಮಿಟಿಯಲ್ಲಿ ಮಾತಾಡ್ತೀನಿ." ಅದು ಬುಧವಾರ.

ಸುಹಾಸ್ ಆಫೀಸಿನ ಹಿಂದೆ ನಿಂತಿದ್ದ. ನನ್ನನ್ನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಆಟದಲ್ಲಿ ಮಾಡಿದ್ದನ್ನೇ ಮಾಡ್ದೆ ಮೇಡಂ. ಎಲ್ಲಿ ಹಣ್ಣು ಜಾಸ್ತಿ ಆಗಿದೆಯೋ ಅಲ್ಲಿಗೆ ಕಳಿಸ್ದೆ. ಒಂದು ವಾರದಲ್ಲಿ ಐದು ಸಲ."

"ಅವರೇನೂ ಅನ್ನಲಿಲ್ವಾ?"

"ಇಲ್ಲ. ಐದನೇ ಸಲ ಗುಲಾಬಿಯಕ್ಕ ನನ್ನ ಮುಖ ನೋಡಿ ನಕ್ಕರು, ಅಷ್ಟೇ. ಮಾರನೇ ದಿನ ಅವರ ಪಿಕಪ್ ಬರಲಿಲ್ಲ. ಹೋಗಿ ಕೂಲಿ ಜಾಸ್ತಿ ಕೊಡ್ತೀವಿ ಅಂದೆ. ಅದಲ್ಲ ವಿಷಯ ಅಂದ್ರು. ಮತ್ತೇನು ವಿಷಯ ಅಂತ ನನಗಿನ್ನೂ ಗೊತ್ತಾಗಿಲ್ಲ." ಆಫೀಸಿನ ಕಡೆ ಒಮ್ಮೆ ನೋಡಿ, "ಮನೇಲಿ ಇನ್ನೂ ಹೇಳಿಲ್ಲ ಮೇಡಂ" ಎಂದ.

ಗುಲಾಬಿ ಆ ಗ್ಯಾಂಗಿನ ಮೇಸ್ತ್ರಿ. ಸುತ್ತಲ ಹಳ್ಳಿಗಳ ಹದಿನಾರು ಹೆಂಗಸರನ್ನು ಕಟ್ಟಿಕೊಂಡು ಬರುವಾಕೆ. ಆಗ ಗುಡ್ಡದ ಆಚೆಯ ತೋಟದಲ್ಲಿ ಕೊಯ್ಲು ಹಿಡಿದಿದ್ದರು. ಗುರುವಾರ ಬೆಳಿಗ್ಗೆ ಹುಡುಕಿಕೊಂಡು ಹೋದೆ. ಸುಮಾರು ಐವತ್ತರ ಗಟ್ಟಿ ಹೆಂಗಸು, ತಲೆಗೆ ಟವೆಲ್ ಕಟ್ಟಿದ್ದಳು. ನಾನು ಯಾರೆಂದು ಹೇಳಿದೆ. ಅವಳ ಕೈ ಗಿಡ ಬಿಡಲಿಲ್ಲ.

"ಮಾತಾಡೂಕೆ ಪುರುಸೊತ್ತಿಲ್ಲ ಮಾರಾಯ್ರೆ. ನೀವೂ ಚೀಲ ಕಟ್ಕೊಂಡ್ರೆ ಮಾತಾಡ್ಬಹುದು."

ಅಲ್ಲಿ ಲೆಕ್ಕ ಬರೆಯುವ ರೈಟರ್ ಆಗಬಹುದೆಂದು ತಲೆಯಾಡಿಸಿದರು. ನಾನು ಸೊಂಟಕ್ಕೆ ಚೀಲ ಕಟ್ಟಿಕೊಂಡೆ. ಗುಲಾಬಿ ನನಗೊಂದು ಸಾಲು ತೋರಿಸಿ, "ಇದು ನಿಮ್ದು, ಕೆಳಗಿನ ಚರಂಡಿವರೆಗೆ" ಎಂದಳು. ಸಾಲು ಶುರುವಾಗುವುದು ದೊಡ್ಡದೊಂದು ಅತ್ತಿಮರದ ಕೆಳಗೆ. ದಟ್ಟ ನೆರಳು, ಗಿಡದಲ್ಲಿ ಎಲೆಯೇ ಎಲೆ, ಹುಡುಕಿದರೆ ಅಲ್ಲೊಂದು ಇಲ್ಲೊಂದು ಹಣ್ಣು. ಎರಡನೇ ಗಿಡದಲ್ಲೇ ಚಗಳಿ ಗೂಡಿಗೆ ಕೈ ಹಾಕಿದೆ. ವರ್ಷಗಟ್ಟಲೆ ಕಾಫಿಯ ಬಗ್ಗೆ ಪಾಠ ಮಾಡಿದವಳು ಕಾಫಿ ಗಿಡದ ಮುಂದೆ ಕುಣಿಯುವುದನ್ನು ಹದಿನಾರು ಹೆಂಗಸರು ನಿಂತು ನೋಡಿದರು. ಮಧ್ಯಾಹ್ನವಾದರೂ ನನ್ನ ಚೀಲದ ತಳ ಮುಚ್ಚಿರಲಿಲ್ಲ.

ಪಕ್ಕದ ಸಾಲಿನ ಕೆಳಗೆ ಗಿಡಗಳು ಕೆಂಪಗೆ ಜೋತಿದ್ದವು. "ಗುಲಾಬಿ, ಅಲ್ಲಿ ಹಣ್ಣು ಜಾಸ್ತಿ ಇದೆಯಲ್ಲ, ನಾನು ಅಲ್ಲಿಗೆ ಹೋಗ್ಲಾ?" ಎಂದೆ.

"ಅದು ಸರೋಜನ ಸಾಲು. ನಿಮ್ದು ಮುಗ್ಸಿ. ನಿಮಗೂ ಬರ್ತದೆ."

ಬುತ್ತಿ ಉಂಡು ಮತ್ತೆ ಹಿಡಿದಾಗ ನನ್ನ ಸಾಲೂ ಇಳಿಜಾರಿಗೆ ಬಂದಿತ್ತು. ಅಲ್ಲಿ ಬಿಸಿಲು ಬೀಳುತ್ತದೆ, ಗೊಬ್ಬರವೂ ಕೆಳಗೆ ಇಳಿದು ನಿಂತಿರುತ್ತದೆ. ಗಿಡದ ಒಂದೊಂದು ರೆಕ್ಕೆಯಲ್ಲೂ, ಅಂದರೆ ಅಡ್ಡಕೊಂಬೆಯಲ್ಲೂ, ಗೊಂಚಲು ಗೊಂಚಲು. ಮುಷ್ಟಿಗೆ ಸಿಕ್ಕಷ್ಟು ಹಣ್ಣು ಚೀಲಕ್ಕೆ ಬೀಳುತ್ತಿದ್ದರೆ ನನಗೆ ಎಂಥದೋ ಆಸೆ ಹುಟ್ಟಿತು, ನಗು ಬಂತು, ಇರುವೆ ಕಚ್ಚಿದ್ದು ಮರೆತೇ ಹೋಯಿತು. ಗುಲಾಬಿ ಇದನ್ನೇ ಕಾಯುತ್ತಿದ್ದಳು ಎಂದು ಕಾಣುತ್ತದೆ.

"ಈಗ ಒಬ್ರು ಬಂದು, ಸಾಕು ಏಳಿ, ಗುಡ್ಡದ ಆಚೆ ಬ್ಲಾಕಿಗೆ ನಡೀರಿ ಅಂದ್ರೆ ನಿಮಗೆ ಹ್ಯಾಂಗಾಗ್ತದೆ ಅಮ್ಮಾ?"

ನಾನು ಕೈ ನಿಲ್ಲಿಸಿದೆ.

"ಬೆಳಗಿಂದ ಹಣ್ಣಿಲ್ಲದ ಆ ಗಿಡ ಮಾಡಿದ್ದು ನೀವು. ನಾಳೆ ಬಂದು ಈ ಹಣ್ಣು ಕೊಯ್ಯೂದು ಇನ್ಯಾರೋ. ಹಣ್ಣಿನ ತೂಕಕ್ಕೆ ಕೂಲಿ ನಮಗೆ. ಮೇಲೆ ಕಷ್ಟ, ಕೆಳಗೆ ಸುಖ, ಎಲ್ಲರ ಸಾಲಲ್ಲೂ ಎರಡೂ ಇರ್ತದೆ ಅಂತಲೇ ಯಾರೂ ಜಗಳ ಆಡೂದಿಲ್ಲ. ಸಾಲು ಹಂಚೂದು ನಾನು. ಐದು ಸಲ ನಡುವಲ್ಲೇ ಎಬ್ಬಿಸಿದ್ರು. ನನ್ನ ನಂಬಿ ಬಂದವ್ರಿಗೆ ನಾನು ಎಂತ ಹೇಳ್ಲಿ? ನಮ್ಮಲ್ಲೇ ಜಗಳ ಶುರುವಾಯ್ತು, ಸರೋಜ ನನ್ನ ಹತ್ರ ಮಾತು ಬಿಟ್ಟಿದ್ಲು. ಅದಕ್ಕೆ ಕರ್ಕೊಂಡು ಬಂದೆ."

"ಸುಹಾಸ್ ಹತ್ರ ಹೇಳಬಹುದಿತ್ತಲ್ಲ?"

"ಕೇಳಿದ್ರೆ ಹೇಳ್ತಿದ್ದೆ."

ಸಂಜೆ ಹಣ್ಣು ತೂಗಿದ ಮೇಲೆ ಬೆಡ್‌ಶೀಟು ಬಿಚ್ಚಿ ಹಲಗೆಯನ್ನು ಹುಲ್ಲಿನ ಮೇಲೆ ಹರಡಿದೆ. ಗುಲಾಬಿ ಕೈ ಒರೆಸಿಕೊಂಡು ಕೂತಳು. ಮಳೆಯ ಕವಡೆ ನೋಡಿದಳು, ಒಣಗಿಸುವ ಕಣ ನೋಡಿದಳು. "ಚೆಂದ ಉಂಟು. ನಾವೆಲ್ಲಿ ಇದ್ರಲ್ಲಿ?" ಎಂದು ಕೇಳಿದಳು. ನಾನು ಸಿಲ್ವರ್ ಮರದ ತುಂಡು ತೋರಿಸಿದೆ.

"ಇಷ್ಟು ಜನವೂ ಸೇರಿ ಇದೊಂದು ತುಂಡಾ? ಸಾಲೆಲ್ಲಿ?"

ಸಾಲು ಇರಲಿಲ್ಲ. ಬ್ಲಾಕು ಎಂದರೆ ಬಣ್ಣ ಬಳಿದ ಒಂದು ಚೌಕ, ಅಷ್ಟೇ. ಗುಲಾಬಿ ಆ ತುಂಡನ್ನು ಒಂದು ಬೆರಳಿನಿಂದ ಮೆಲ್ಲಗೆ ತಳ್ಳಿದಳು. ಬಡಗಿ ನುಣ್ಣಗೆ ಉಜ್ಜಿದ ತುಂಡು ಮೂರು ಚೌಕ ಸರ್ರನೆ ಜಾರಿತು. "ಓ, ಅದಕ್ಕೇ" ಎಂದಳು. "ಆ ಹುಡುಗನ್ನ ಬೈದು ಪ್ರಯೋಜನ ಇಲ್ಲ ಬಿಡಿ."

ನನಗೆ ಆದ ನಾಚಿಕೆಯನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅಷ್ಟು ವರ್ಷ ನಾನು ಮ್ಯಾನೇಜರುಗಳಿಗೆ ಮಳೆಯನ್ನು ಅಳೆಯಲು ಕಲಿಸಿದ್ದೆ, ರೋಗವನ್ನು ಗುರುತಿಸಲು ಕಲಿಸಿದ್ದೆ. ಮನುಷ್ಯರನ್ನು ಮಾತ್ರ ಬೆರಳಿನಿಂದ ತಳ್ಳಲು ಕಲಿಸಿದ್ದೆ. ಕಲಿತವನು ಬುದ್ಧಿವಂತನಾದ್ದರಿಂದ ಚೆನ್ನಾಗಿಯೇ ಕಲಿತಿದ್ದ.

ಶುಕ್ರವಾರ ಇಡೀ ದಿನ ಆಫೀಸಿನ ಜಗಲಿಯಲ್ಲಿ ಕೂತು ಹಲಗೆ ತಿದ್ದಿದೆ. ಸುಹಾಸ್ ಸ್ಕೇಲು ಹಿಡಿದ, ನಾನು ಪೆನ್ಸಿಲಿನಲ್ಲಿ ಪ್ರತಿ ಬ್ಲಾಕಿಗೂ ಸಾಲು ಎಳೆದೆ. ಒಂದೊಂದು ಸಾಲಿಗೆ ಹತ್ತು ಗಿಡ. ನಿಜವಾದ ಕಾಫಿ ಹಣ್ಣನ್ನೇ ತಂದು ಮೇಲಿನ ಗಿಡಗಳಿಗೆ ಒಂದೊಂದು, ಕೆಳಗಿನ ಗಿಡಗಳಿಗೆ ಐದಾರರಂತೆ ಇಟ್ಟೆವು. ಅವನಿಗೆ ನಾನು ಗುಲಾಬಿ ಹೇಳಿದ್ದನ್ನು ಹೇಳಿರಲಿಲ್ಲ. ಹಣ್ಣು ಜೋಡಿಸುತ್ತಿದ್ದವನು ನಡುವೆ ತಾನಾಗಿಯೇ ನಿಂತ. ಮೇಲಿನ ಗಿಡ ನೋಡಿದ, ಕೆಳಗಿನ ಗಿಡ ನೋಡಿದ. "ಅಯ್ಯೋ ಮೇಡಂ" ಎಂದ.

ಶನಿವಾರ ಮಧ್ಯಾಹ್ನ ಗುಲಾಬಿ, ಸರೋಜ ಇಬ್ಬರೂ ಬಂದರು. ಬರುವುದಿಲ್ಲ ಎಂದುಕೊಂಡಿದ್ದೆ. ಸುಹಾಸ್ ಒಳಗಿಂದ ಎರಡು ಕುರ್ಚಿ ತಂದು ಹಾಕಿದ. ಮಂಜಪ್ಪಗೌಡರು ಆಟವಾಡುವ ಮನಸ್ಸಿನಲ್ಲಿ ಇರಲಿಲ್ಲ. "ಒಂದು ಸುತ್ತು ಮಾತ್ರ ಯಜಮಾನ್ರೆ, ಆಮೇಲೆ ನೀವು ಹೇಳಿದ ಹಾಗೆ" ಎಂದು ಕೂರಿಸಿದೆ. ನಾನು ಮ್ಯಾನೇಜರ್, ಗೌಡರು ಗ್ಯಾಂಗು. ಕೊಯ್ದ ಹಣ್ಣು ಅವರ ಬಟ್ಟಲಿಗೆ.

ಮೇಲಿನ ಐದು ಗಿಡದಿಂದ ಐದು ಹಣ್ಣು ಕೊಯ್ದರು. "ಆ ಬ್ಲಾಕಲ್ಲಿ ಹಣ್ಣಾಗಿದೆ, ಅಲ್ಲಿಗೆ ಹೋಗಿ" ಎಂದೆ. ಹೋದರು. ಅಲ್ಲೂ ಮೇಲಿನಿಂದ ಶುರು, ಐದು ಗಿಡ, ಐದು ಹಣ್ಣು. ಮತ್ತೆ ಎಬ್ಬಿಸಿದೆ. ಮೂರನೇ ಬ್ಲಾಕಿನಲ್ಲಿ ಐದನೇ ಗಿಡ ಮುಗಿಸಿ ಆರನೆಯದಕ್ಕೆ ಕೈ ಚಾಚಿದ್ದರು, ನಾನು "ನಡೀರಿ" ಎಂದೆ. ಗೌಡರು ಕೈ ಹಿಂದಕ್ಕೆ ತೆಗೆಯಲಿಲ್ಲ.

"ಏನ್ರೀ ಇದು? ಈ ಸಾಲೊಂದು ಮುಗಿಸೋಕೆ ಬಿಡ್ರಿ. ಹಣ್ಣಿರೋದೇ ಕೆಳಗೆ" ಎಂದರು.

ಸರೋಜ ಸೆರಗು ಬಾಯಿಗೆ ಅಡ್ಡ ಹಿಡಿದಳು. ಗೌಡರು ಅವಳನ್ನು ನೋಡಿದರು, ಗುಲಾಬಿಯನ್ನು ನೋಡಿದರು, ಕೈಯಲ್ಲಿದ್ದ ಹಣ್ಣನ್ನು ನೋಡಿದರು. ಅಷ್ಟರಲ್ಲಿ ಸುಹಾಸ್ ಎದ್ದು ಬಂದು ಗುಲಾಬಿಯ ಮುಂದೆ ನಿಂತ.

"ತಪ್ಪಾಯ್ತು ಗುಲಾಬಿಯಕ್ಕ. ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು."

"ನಿಮಗೆ ಕಲಿಸಿದ ಮೇಡಮ್ಮ ಕೊಯ್ದದ್ದು ನಾನು ನೋಡಿದೀನಲ್ಲ. ನಿಮ್ದೇನೂ ತಪ್ಪಿಲ್ಲ ಬಿಡಿ" ಎಂದಳು ಗುಲಾಬಿ. ಈಗ ಎಲ್ಲರೂ ನಕ್ಕರು, ನಾನೂ. ನಗು ನಿಂತ ಮೇಲೆ ಅವಳೇ ಮುಂದುವರಿಸಿದಳು. "ನಾವು ಬರ್ತೀವಿ. ಆದ್ರೆ ಆಚೆ ತೋಟದಲ್ಲಿ ಸಾಲು ಹಿಡಿದಿದ್ದೀವಿ. ಅದು ಮುಗಿಯೂದು ಮಂಗಳವಾರ. ಬುಧವಾರ ಬೆಳಿಗ್ಗೆ ಬರ್ತೀವಿ. ಅದಕ್ಕಿಂತ ಮೊದ್ಲು ಆಗೂದಿಲ್ಲ."

ಶನಿವಾರವೆಂದರೆ ಶನಿವಾರ ಎಂದವರು ಮಂಜಪ್ಪಗೌಡರು. ಅಂಗಳದ ಆಚೆ ಗಿಡದಲ್ಲಿ ಹಣ್ಣು ಕಪ್ಪಾಗುತ್ತಿದ್ದುದು ನಾವು ಕೂತಲ್ಲಿಗೇ ಕಾಣುತ್ತಿತ್ತು. ಇನ್ನೂ ಮೂರು ದಿನ ಎಂದರೆ ಇನ್ನಷ್ಟು ಉದುರುತ್ತದೆ. ಸುಹಾಸ್ ನೆಲ ನೋಡುತ್ತಿದ್ದ. ಗೌಡರು ಹಲಗೆಯ ಮೇಲೆ ಬಗ್ಗಿ, ಬಿಟ್ಟುಹೋಗಿದ್ದ ಆರನೇ ಗಿಡದಿಂದ ಹತ್ತನೇ ಗಿಡದವರೆಗಿನ ಹಣ್ಣನ್ನು ಒಂದೊಂದಾಗಿ ಕೊಯ್ದು ಬಟ್ಟಲಿಗೆ ಹಾಕಿದರು. ಎಲ್ಲ ಮುಗಿದ ಮೇಲೆ, "ಹಿಡಿದ ಸಾಲು ಮುಗ್ಸಿ ಬನ್ನಿ. ಬುಧವಾರ ಸುಹಾಸ್ ಗೇಟ್ ಹತ್ರ ಇರ್ತಾನೆ" ಎಂದರು.

ಹುಡುಗನ ಕೆಲಸ ಉಳಿಯಿತು ಎಂದು ನನಗೆ ಗೊತ್ತಾಗಿದ್ದು ಆ ಮಾತಿನಿಂದ. ಅವನಿಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ವಾಪಸ್ ಬರುವಾಗ ಕೊಟ್ಟಿಗೆಹಾರದಲ್ಲಿ ಇಳಿದು ಆರು ನೀರುದೋಸೆ ತಿಂದೆ.

ಗೌಡರು ಕಮಿಟಿಯಲ್ಲಿ ಮಾತಾಡಿದ್ದು ನಿಜ. ಆಟ ನಿಲ್ಲಿಸಿ ಎಂದಲ್ಲ, ಇನ್ನು ಮುಂದೆ ಗ್ಯಾಂಗಿಗೆ ಒಂದು ಕುರ್ಚಿ ಹಾಕಿ, ತೋಟದ ಒಬ್ಬ ಮೇಸ್ತ್ರಿಯನ್ನು ಕರೆಸಿ ಅದರಲ್ಲಿ ಕೂರಿಸಿ ಎಂದು. ಸುಬ್ಬಣ್ಣ ಸರ್ ಬೀಜ ಕಚ್ಚಿ, "ಬರೀರಿ ಮೇಡಂ, ಮೂರನೇ ನಿಯಮ" ಎಂದರು. ನುಣುಪಾದ ಆ ತುಂಡುಗಳನ್ನು ನಾನು ಡ್ರಾಯರಿಗೆ ಹಾಕಿದೆ.

ಮೊದಲ ಸಲ ಆ ಕುರ್ಚಿಗೆ ಬಂದವಳು ಗುಲಾಬಿಯೇ. ಎರಡನೇ ದಿನ ತಮಾಷೆಗೆಂದು ಅವಳನ್ನು ಮ್ಯಾನೇಜರ್ ಮಾಡಿದೆವು. ಅಬ್ಬಾ, ಅಂಥ ಮ್ಯಾನೇಜರನ್ನು ನಾನು ಕಂಡಿಲ್ಲ. ಕಣದಲ್ಲಿ ಕಾಫಿ ಹರಡಿದ ದಿನವೇ ಹುಣಸೆಬೀಜ ಮಗುಚಿ ಮಳೆ ಬಂತು. "ಏಳಿ ಏಳಿ, ಸಾಲು ಗೀಲು ಆಮೇಲೆ, ಮೊದ್ಲು ಕಾಫಿ ಮುಚ್ಚಿ" ಎಂದು ಎಲ್ಲರನ್ನೂ ಎಬ್ಬಿಸಿಬಿಟ್ಟಳು. ಹೇಳಿದ ಮೇಲೆ ತಾನೇ ತಲೆ ಮೇಲೆ ಕೈ ಹೊತ್ತು ನಕ್ಕಳು. "ಆ ಹುಡುಗನಿಗೂ ಹಿಂಗೇ ಎದೆ ಹೊಡ್ಕೊಂಡಿರ್ಬೇಕು ಪಾಪ" ಎಂದಳು. ಕುರ್ಚಿ ಬದಲಾದರೆ ಎರಡೂ ಕಡೆಯವರು ಕಲಿಯುತ್ತಾರೆ ಎಂಬುದು ನನಗೆ ಅವಳಿಂದ ಗೊತ್ತಾಯಿತು. ಆಮೇಲೆ ಪ್ರತಿ ತಂಡದಲ್ಲೂ ಒಂದು ದಿನ ಕುರ್ಚಿ ಬದಲಿಸುವುದು ರೂಢಿಯಾಯಿತು.

ಕಂಪ್ಯೂಟರ್ ಬಂದ ಕಾಲದ ಬಗ್ಗೆಯೂ ಒಂದು ಮಾತು. ಅದನ್ನು ನಾನು ಮೊದಲು ದ್ವೇಷಿಸಿದೆ, ಕಾರಣ ನನಗೆ ಬರುತ್ತಿರಲಿಲ್ಲ. ಬಂದ ಮೇಲೆ, ಮಳೆಯ ವಿಷಯದಲ್ಲಿ ಅದು ನನ್ನ ಕವಡೆಗಿಂತ ಎಷ್ಟೋ ಮೇಲು ಎಂದು ಒಪ್ಪಿಕೊಂಡೆ. ಗುಡ್ಡದ ಈ ಕಡೆಗೆ ಹೊಯ್ದು ಆ ಕಡೆ ಬಿಡುವ ನಮ್ಮ ಮಳೆಯನ್ನು ಅದು ಸರಿಯಾಗಿ ಹಿಡಿದಿತ್ತು. ತೊಂದರೆ ಒಂದೇ. ಒಬ್ಬೊಬ್ಬರಿಗೆ ಒಂದೊಂದು ಪರದೆ ಕೊಟ್ಟ ದಿನ ಕೋಣೆಯಲ್ಲಿ ಮಾತೇ ಇರಲಿಲ್ಲ. ಯಾರೂ ಯಾರನ್ನೂ ಎಷ್ಟು ಸೆಂಟು ಎಂದು ಕೇಳಲಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನನ್ನ ಒಂದೇ ಬುದ್ಧಿಮಾತು: ಆಟ ಮುಗಿದ ಮೇಲೆ ಅಂಕ ನೋಡಬೇಡಿ, ಆಡುವಾಗ ಎಷ್ಟು ಸಲ ಒಬ್ಬರು ಇನ್ನೊಬ್ಬರ ಮುಖ ನೋಡಿದರು ಎಂದು ನೋಡಿ.

ಅನನ್ಯಾ ಕೇಳಿದ್ದಕ್ಕೆ ನಾನು ಫೋನಿನಲ್ಲಿ ಹೇಳಿದ್ದು ಇಷ್ಟೇ, "ಒಂದು ದಿನ ಆ ನಿಯಮ ಬಿಟ್ಟು ಆಡಿಸು. ನಾನು ಬಂದು ಗ್ಯಾಂಗಿನ ಕುರ್ಚಿಯಲ್ಲಿ ಕೂರ್ತೀನಿ." ಹೋದೆ. ಟ್ಯಾಬಿನಲ್ಲಿ ನನ್ನ ಆಟ ಸೊಗಸಾಗಿ ಕಾಣುತ್ತಿತ್ತು. ಗಿಡದ ಮೇಲೆ ಹಣ್ಣು ಹೊಳೆಯುತ್ತಿತ್ತು. ನಿಯಮವಿಲ್ಲದ ಕಾರಣ ಗ್ಯಾಂಗನ್ನು ಬೆರಳಿನಿಂದ ಎಲ್ಲಿಗೆ ಬೇಕಾದರೂ ಜಾರಿಸಬಹುದಿತ್ತು. ನನಗೆ ಹಳೆಯ ಆ ನುಣುಪು ನೆನಪಾಯಿತು. ತರಬೇತಿಗೆ ಬಂದವರಲ್ಲಿ ಮೂವರು ಹಾಗೆಯೇ ಜಾರಿಸಿದರು. ಸಿಟ್ಟು ಬರಲಿಲ್ಲ, ಒಂದು ಕಾಲದಲ್ಲಿ ನಾನೇ ಅದಕ್ಕೆ ಚಪ್ಪಾಳೆ ತಟ್ಟಿದವಳು.

ನಾಲ್ಕನೆಯವಳು ಮೂಡಿಗೆರೆಯ ಹುಡುಗಿ, ಹೆಸರು ಸಿಂಚನಾ. ತೋಟಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಅವಳ ಸರದಿಯಲ್ಲಿ ಪರದೆಯ ಮೂಲೆಗೆ ಮೋಡ ಬಂತು. ಅಕಾಲದ ಮಳೆ, ಇನ್ನೊಂದು ಬ್ಲಾಕಿನ ಹಣ್ಣು ಬೇಗ ಕೊಯ್ಯದಿದ್ದರೆ ಉದುರಿಹೋಗುತ್ತದೆ. ಅವಳು ಬೆರಳೆತ್ತಿದಳು. ಎತ್ತಿದ ಬೆರಳನ್ನು ಹಾಗೇ ಹಿಡಿದು ನನ್ನ ಕಡೆ ತಿರುಗಿದಳು.

"ಮೇಡಂ, ನೀವು ಹಿಡಿದ ಸಾಲಲ್ಲಿ ಇನ್ನು ಎಷ್ಟು ಗಿಡ ಉಳಿದಿದೆ?"

ಅನನ್ಯಾ ತಲೆ ಎತ್ತಿದಳು. "ಅದನ್ನ ಕೇಳಬೇಕು ಅಂತ ಇಲ್ಲಿ ನಿಯಮ ಇಲ್ವಲ್ಲ ಸಿಂಚನಾ" ಎಂದಳು.

"ಗೊತ್ತಿಲ್ಲ ಮೇಡಂ. ನಮ್ಮ ತೋಟದಲ್ಲಿ ಹಾಗೇ ಕೇಳೋದು. ನಮ್ಮ ಮ್ಯಾನೇಜರ್ ಸುಹಾಸ್ ಸರ್ ಬೆಳಿಗ್ಗೆ ಬ್ಲಾಕಿಗೆ ಹೋದ ತಕ್ಷಣ ಮೊದಲು ಕೇಳೋದೇ ಅದು."

ನನಗೆ ಕಣ್ಣು ತುಂಬಿ ಬಂದು ಪರದೆಯ ಮೇಲಿನ ಗಿಡಗಳು ಕಲಸಿಹೋದವು. ಒರೆಸಿಕೊಂಡು ಎಣಿಸಿದೆ. ಕೆಳಗಿನ ಗಿಡಗಳು, ಹಣ್ಣು ತುಂಬಿದವು.

"ನಾಲ್ಕು ಗಿಡ ಇದೆಯಮ್ಮ" ಎಂದೆ.

ಸಿಂಚನಾ ಮೋಡವನ್ನು ಒಮ್ಮೆ ನೋಡಿದಳು. ಆಮೇಲೆ ಟ್ಯಾಬನ್ನು ಮೇಜಿನ ಮೇಲಿಟ್ಟು, ಕೈ ಕಟ್ಟಿಕೊಂಡು ಕೂತಳು.

"ಮುಗ್ಸಿ ಮೇಡಂ. ಕಾಯ್ತೀನಿ."